ಬಾಗಿಲು ಹತ್ತಿರ, ದಾರಿ ದೂರ: ಪದವಿ ವಿದ್ಯಾರ್ಥಿಯನ್ನು ಪ್ರಯೋಗಾಲಯಕ್ಕೆ ಕರೆದೊಯ್ಯುವವರು ಯಾರು?

ಗೋವಿಂದರಾಜನಗರದಿಂದ ಹೊರಟು ಹೊಸಹಳ್ಳಿ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೋ ಏರಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದಲ್ಲಿ ಇಳಿದರೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಸಮೀಪದಲ್ಲೇ ಇದೆ. ಮನೆ ಬಿಟ್ಟ ಒಂದು ಗಂಟೆಯೊಳಗೆ ದೇಶದ ಅತ್ಯುತ್ತಮ ಪ್ರಯೋಗಾಲಯಗಳ ಎದುರು ನಿಲ್ಲಬಹುದು. ಆದರೆ ಇದೇ ಬಡಾವಣೆಯಲ್ಲಿ ಬಿ.ಎಸ್ಸಿ. ಓದುತ್ತಿರುವ, ತನ್ನ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ವಿದ್ಯಾರ್ಥಿನಿಯೊಬ್ಬಳಿಗೆ ಆ ಆವರಣದೊಳಗೆ ತನ್ನಂಥವರಿಗೂ ಒಂದು ಜಾಗವಿದೆ ಎಂದು ಹೇಳುವವರು ಯಾರು?

ವಿಜಯನಗರ, ಹಂಪಿನಗರ, ಗೋವಿಂದರಾಜನಗರದ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳ ಫಲಕಗಳಿಗೆ ಕೊರತೆಯಿಲ್ಲ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಬೆಳಗ್ಗೆಯೇ ಜಾಗ ಹಿಡಿದು ಕೂರುವ ಯುವಜನರಲ್ಲಿ ರಾಯಚೂರು, ಕಲಬುರಗಿ, ವಿಜಯಪುರ ಕಡೆಯಿಂದ ಬಂದವರು, ವಿಜ್ಞಾನ ಪದವೀಧರರು ಅನೇಕ. ಸರ್ಕಾರಿ ನೌಕರಿ ಗೌರವದ ಗುರಿ, ಅದರಲ್ಲಿ ಎರಡು ಮಾತಿಲ್ಲ. ಅದರ ದಾರಿಯನ್ನು ತೋರಿಸುವವರು ಪ್ರತಿ ತಿರುವಿನಲ್ಲೂ ಇದ್ದಾರೆ. ಸಂಶೋಧನೆಯ ದಾರಿಯನ್ನು ತೋರಿಸುವವರು ಮಾತ್ರ ಅಪರೂಪ. ಜೈವಿಕ ವೈದ್ಯಕೀಯ ವಿಜ್ಞಾನದಲ್ಲಿ ಯಾರು ಮುಂದೆ ಬರುತ್ತಾರೆ ಎಂಬುದನ್ನು ಬುದ್ಧಿವಂತಿಕೆಯಷ್ಟೇ ಈ ಒಂದು ಕೊರತೆಯೂ ನಿರ್ಧರಿಸುತ್ತದೆ.

ಟಾಟಾ ಸಂಸ್ಥೆಯ ಬಾಗಿಲಲ್ಲಿ ಕಮಲಾ ಭಾಗವತ್

ಈ ಮಾತಿಗೆ ಬೆಂಗಳೂರಿನಲ್ಲೇ ಒಂದು ಹಳೆಯ ನಿದರ್ಶನವಿದೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ವಿಜ್ಞಾನ ಪದವಿಯನ್ನು ಅಗ್ರಸ್ಥಾನದಲ್ಲಿ ಪಡೆದ ಕಮಲಾ ಭಾಗವತ್ ಎಂಬ ಯುವತಿ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹೆಸರಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂಶೋಧನೆ ಮಾಡಲು ಅರ್ಜಿ ಹಾಕಿದರು. ಅವರ ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ಓದಿದವರು. ಆಗ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ.ವಿ. ರಾಮನ್. ಅಂಕಗಳು ಎಷ್ಟೇ ಇದ್ದರೂ ಅರ್ಜಿದಾರಳು ಹೆಣ್ಣು ಎಂಬ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದರು.

ಕಮಲಾ ಸುಮ್ಮನೆ ಹಿಂದಿರುಗಲಿಲ್ಲ. ಬೆಂಗಳೂರಿಗೆ ಬಂದು ನಿರ್ದೇಶಕರನ್ನೇ ಪ್ರಶ್ನಿಸಿದರು, ಸತ್ಯಾಗ್ರಹದ ಮಾತನ್ನಾಡಿದರು. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು. ಮೊದಲ ವರ್ಷ ಅವರನ್ನು ನಿಯಮಿತ ವಿದ್ಯಾರ್ಥಿಯೆಂದು ಪರಿಗಣಿಸುವಂತಿಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಅವರ ಇರುವಿಕೆಯಿಂದ ಪ್ರಯೋಗಾಲಯದ ವಾತಾವರಣ ಕೆಡಬಾರದು. ಈ ಅವಮಾನವನ್ನು ಅವರು ಜೀವನಪೂರ್ತಿ ಮರೆಯಲಿಲ್ಲ.

ಬಾಗಿಲು ಅರ್ಧ ತೆರೆದ ಮೇಲೆ ಅವರನ್ನು ಒಳಗೆ ನಿಲ್ಲಿಸಿದವರು ಜೀವರಸಾಯನ ವಿಭಾಗದ ಎಂ. ಶ್ರೀನಿವಾಸಯ್ಯ. ಕೆಲಸದ ವಿಷಯದಲ್ಲಿ ಬಲು ಕಟ್ಟುನಿಟ್ಟಿನ ಮನುಷ್ಯ; ಆದರೆ ಕಲಿಯಬೇಕೆಂಬ ಹಂಬಲವಿದ್ದವರಿಗೆ ಕಲಿಸಲು ಹಿಂದೆಗೆಯದವರು. ಅವರ ಕೈಕೆಳಗೆ ಕಮಲಾ ಹಾಲು ಮತ್ತು ದ್ವಿದಳ ಧಾನ್ಯಗಳಲ್ಲಿನ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು. ಅಂದರೆ ಬಡವರ ಊಟದ ತಟ್ಟೆಯಲ್ಲಿ ಇರುವ, ಇಲ್ಲದ ಪೋಷಣೆಯ ಪ್ರಶ್ನೆಯನ್ನೇ ಎತ್ತಿಕೊಂಡರು. ಒಂದು ವರ್ಷದ ಕೆಲಸ ಕಂಡ ರಾಮನ್ ಅವರನ್ನು ನಿಯಮಿತ ವಿದ್ಯಾರ್ಥಿಯಾಗಿ ಒಪ್ಪಿದರು. ಅನಂತರ ಬೇರೆ ಹೆಣ್ಣುಮಕ್ಕಳಿಗೂ ಅಲ್ಲಿ ಅವಕಾಶ ತೆರೆಯಿತು. ಕಮಲಾ ಅಲ್ಲಿಂದ ಕೇಂಬ್ರಿಡ್ಜ್‌ಗೆ ತೆರಳಿ, ಸಸ್ಯಗಳ ಅಂಗಾಂಶದಲ್ಲಿ ಸೈಟೋಕ್ರೋಮ್ ಸಿ ಎಂಬ ಪ್ರೋಟೀನನ್ನು ಗುರುತಿಸಿ, 1939ರಲ್ಲಿ ಪಿಎಚ್.ಡಿ. ಪಡೆದರು. ಮದುವೆಯ ನಂತರ ಕಮಲಾ ಸೊಹೊನಿ ಎಂದು ಹೆಸರಾದ ಅವರು ಮುಂದೆ ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕಿಯೂ ಆದರು. 1998ರಲ್ಲಿ ನಿಧನರಾದರು.

ಈ ಕಥೆಯನ್ನು ಸಾಮಾನ್ಯವಾಗಿ ಒಬ್ಬ ಹೆಣ್ಣುಮಗಳ ಛಲದ ಕಥೆಯಾಗಿ ಹೇಳುವುದುಂಟು. ಅದು ಅರ್ಧ ಸತ್ಯ. ತಂದೆ, ಚಿಕ್ಕಪ್ಪ ಅದೇ ಸಂಸ್ಥೆಯಲ್ಲಿ ಓದಿದ್ದರಿಂದ ಅರ್ಜಿ ಹಾಕಬಹುದು ಎಂಬ ಅರಿವು ಕಮಲಾ ಅವರಿಗೆ ಮನೆಯಲ್ಲೇ ಸಿಕ್ಕಿತ್ತು. ಒಳಗೆ ಹೋದ ಮೇಲೆ ಕೈಹಿಡಿದು ಕಲಿಸುವ ಗುರು ಸಿಕ್ಕಿದರು. ಈ ಎರಡೂ ಇಲ್ಲದವರಿಗೆ ಛಲವೊಂದೇ ಸಾಕಾಗುವುದಿಲ್ಲ.

ಯಾರ ರೋಗ, ಯಾರ ಪ್ರಶ್ನೆ?

ಪ್ರಾತಿನಿಧ್ಯದ ಪ್ರಶ್ನೆ ಕೇವಲ ನ್ಯಾಯದ ಪ್ರಶ್ನೆಯಲ್ಲ. ಜೈವಿಕ ವೈದ್ಯಕೀಯ ವಿಜ್ಞಾನದಲ್ಲಿ ಅದು ವಿಜ್ಞಾನದ್ದೇ ಪ್ರಶ್ನೆ. ಯಾವ ರೋಗವನ್ನು ಅಭ್ಯಸಿಸಬೇಕು, ಯಾರ ರಕ್ತದ ಮಾದರಿ ಪಡೆಯಬೇಕು, ಯಾವ ಭಾಷೆಯಲ್ಲಿ ಒಪ್ಪಿಗೆ ಕೇಳಬೇಕು ಎಂಬುದನ್ನು ತೀರ್ಮಾನಿಸುವವರು ಸಂಶೋಧಕರೇ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಕಾಡುತ್ತಿದೆ. ಸೊಪ್ಪು, ಸೌದೆಗೆಂದು ಕಾಡಿಗೆ ಹೋಗುವ ಕೂಲಿಕಾರರು, ಸಣ್ಣ ರೈತರು ಅದರ ಬಾಯಿಗೆ ಮೊದಲು ಬೀಳುವವರು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬೆಳಕಿಗೆ ಬಂದ, ಸೊಂಟ ಮತ್ತು ಮಂಡಿಯ ಕೀಲುಗಳನ್ನು ಸವೆಸುವ ಹಂದಿಗೋಡು ಕಾಯಿಲೆಗೆ ಹೆಚ್ಚಾಗಿ ತುತ್ತಾದದ್ದು ದಲಿತ ಕುಟುಂಬಗಳು. ಕುಡುಗೋಲು ಕಣ ರಕ್ತಹೀನತೆ ಬುಡಕಟ್ಟು ಸಮುದಾಯಗಳಲ್ಲಿ ಹೆಚ್ಚು ಕಂಡುಬರುವ ಆನುವಂಶಿಕ ಕಾಯಿಲೆ. ಅದರ ನಿರ್ಮೂಲನೆಗೆ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ರಾಷ್ಟ್ರೀಯ ಅಭಿಯಾನವನ್ನೇ ಆರಂಭಿಸಿತು.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರಲ್ಲಿ ವೃದ್ಧಾಪ್ಯ ಮತ್ತು ಮರೆವಿನ ಕುರಿತು ದೀರ್ಘಕಾಲದ ಅಧ್ಯಯನ ನಡೆಸುತ್ತಿದೆ. ಅದೇ ಕೇಂದ್ರ ಮುಂದಾಳತ್ವ ವಹಿಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ದೇಶದ ವಿವಿಧ ಸಮುದಾಯಗಳ ಸುಮಾರು 10 ಸಾವಿರ ಜನರ ವಂಶವಾಹಿ ವಿನ್ಯಾಸವನ್ನು ಓದಲಾಗಿದ್ದು, ಆ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ಲಭ್ಯವಾಯಿತು. ಸಮುದಾಯಗಳು ಮಾದರಿ ಕೊಡುವವರಾಗಿ ವಿಜ್ಞಾನದೊಳಗೆ ಬಂದಿವೆ. ಪ್ರಶ್ನೆ ಕೇಳುವವರಾಗಿ ಬರುವುದು ಇನ್ನೂ ಬಾಕಿ ಇದೆ. ಅಜ್ಜಿಯ ನೆನಪು ಕುಂದುವುದನ್ನು ಮನೆಯಲ್ಲೇ ಕಂಡ ಹಳ್ಳಿಯ ಹುಡುಗಿ ಹಾಕುವ ಪ್ರಶ್ನೆಪತ್ರಿಕೆಗೂ, ನಗರದ ಕೊಠಡಿಯಲ್ಲಿ ಕುಳಿತು ಅನುವಾದಿಸಿದ ಪ್ರಶ್ನೆಪತ್ರಿಕೆಗೂ ವ್ಯತ್ಯಾಸವಿದೆ.

ಅಂಕಿ ಅಂಶವೂ ಇದನ್ನೇ ಹೇಳುತ್ತದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಲೆಕ್ಕದಂತೆ 2018ರಲ್ಲಿ ದೇಶದ ಸಂಶೋಧಕರಲ್ಲಿ ಮಹಿಳೆಯರು ಶೇ. 16.6 ಮಾತ್ರ. ಬಿ.ಎಸ್ಸಿ. ತರಗತಿಗಳಲ್ಲಿ ಮುಂದಿನ ಸಾಲುಗಳನ್ನು ತುಂಬುವ ಹೆಣ್ಣುಮಕ್ಕಳು ಪ್ರಯೋಗಾಲಯದ ಮುಖ್ಯಸ್ಥರ ಕುರ್ಚಿಯ ಹೊತ್ತಿಗೆ ಎಲ್ಲಿ ಮರೆಯಾಗುತ್ತಾರೆ ಎಂದು ಕೇಳಿಕೊಳ್ಳಬೇಕಾಗಿದೆ.

ಪಾಠ ಹೇಳುವುದು ಬೇರೆ, ದಾರಿ ತೋರಿಸುವುದು ಬೇರೆ

ಹಿಂದೆ ಗುರು ಇರಬೇಕು, ಮುಂದೆ ಗುರಿ ಇರಬೇಕು ಎಂಬ ಮಾತನ್ನು ನಮ್ಮ ಶಾಲೆಗಳ ಗೋಡೆಗಳ ಮೇಲೆ ನೋಡಿಯೇ ಇರುತ್ತೇವೆ. ಸಂಶೋಧನೆಯ ವಿಷಯಕ್ಕೆ ಬಂದಾಗ ಆ ಗುರುವಿನ ಕೆಲಸ ತರಗತಿಯ ಪಾಠಕ್ಕಿಂತ ಭಿನ್ನ. ಪಠ್ಯದಲ್ಲಿ ಉತ್ತರ ಮೊದಲೇ ಇರುತ್ತದೆ. ಪ್ರಯೋಗಾಲಯದಲ್ಲಿ ಉತ್ತರ ಯಾರಿಗೂ ಗೊತ್ತಿರುವುದಿಲ್ಲ. ಹತ್ತು ಬಾರಿ ಮಾಡಿದ ಪ್ರಯೋಗದಲ್ಲಿ ಒಂಬತ್ತು ಕೆಡುತ್ತವೆ. ಶೇ. 90 ಅಂಕಗಳಿಗೆ ಒಗ್ಗಿಕೊಂಡ ವಿದ್ಯಾರ್ಥಿಗೆ ಇದು ತನ್ನ ಅಯೋಗ್ಯತೆಯ ಪ್ರಮಾಣಪತ್ರದಂತೆ ಕಾಣುತ್ತದೆ. ಮನೆಯಲ್ಲಿ ವಿಜ್ಞಾನಿಗಳಿದ್ದವರಿಗೆ ಇದು ಮಾಮೂಲು ಎಂದು ಹೇಳುವವರಿರುತ್ತಾರೆ. ಇಲ್ಲದವರಿಗೆ ಆ ಮಾತನ್ನು ಮಾರ್ಗದರ್ಶಕರೇ ಹೇಳಬೇಕು.

ಒಳ್ಳೆಯ ಮಾರ್ಗದರ್ಶಕರು ಮಾಡುವ ಕೆಲಸಗಳನ್ನು ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು ಕೌಶಲ: ಪಿಪೆಟ್ ಹಿಡಿಯುವುದರಿಂದ ಹಿಡಿದು ದಿನಚರಿ ಪುಸ್ತಕದಲ್ಲಿ ಪ್ರಯೋಗವನ್ನು ದಾಖಲಿಸುವವರೆಗೆ. ಎರಡನೆಯದು ಮಾಹಿತಿ: ಯಾವ ಪರೀಕ್ಷೆ, ಯಾವ ಅರ್ಜಿ, ಯಾವ ತಿಂಗಳು. ಮೂರನೆಯದು ಧೈರ್ಯ: ಸೋಲನ್ನು ಎದುರಿಸುವುದು, ಸಭೆಯಲ್ಲಿ ಪ್ರಶ್ನೆ ಕೇಳುವುದು. ನಾಲ್ಕನೆಯದು ಪರವಾಗಿ ನಿಲ್ಲುವುದು: ವಿದ್ಯಾರ್ಥಿ ಇಲ್ಲದ ಕೊಠಡಿಯಲ್ಲಿ ಅವಳ ಹೆಸರನ್ನು ಎತ್ತುವುದು, ಶಿಫಾರಸು ಪತ್ರವನ್ನು ಮನಸ್ಸಿಟ್ಟು ಬರೆಯುವುದು. ಮೊದಲ ಮೂರನ್ನು ಪುಸ್ತಕ, ಅಂತರ್ಜಾಲ, ಗೆಳೆಯರಿಂದ ಸ್ವಲ್ಪಮಟ್ಟಿಗೆ ಪಡೆಯಬಹುದು. ನಾಲ್ಕನೆಯದಕ್ಕೆ ಒಬ್ಬ ಮನುಷ್ಯನೇ ಬೇಕು.

ನಮ್ಮ ನಗರಕ್ಕೆ ಇದು ಹೊಸ ವಿಚಾರವಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿ, ಅಮೆರಿಕದ ಓಹಾಯೊದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದು ಬಂದ ಡಾ. ಎಚ್. ನರಸಿಂಹಯ್ಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದಲ್ಲೇ ವಾಸವಾಗಿದ್ದರು. 1962ರಲ್ಲಿ ಅವರು ಹುಟ್ಟುಹಾಕಿದ ಬೆಂಗಳೂರು ಸೈನ್ಸ್ ಫೋರಂ ವಾರವಾರವೂ ವಿಜ್ಞಾನಿಗಳನ್ನು ಬಸವನಗುಡಿಗೆ ಕರೆತಂದು ಸಾಮಾನ್ಯ ವಿದ್ಯಾರ್ಥಿಗಳ ಎದುರು ಕೂರಿಸಿತು. ವಿಜ್ಞಾನಿಯೆಂದರೆ ಪ್ರಶ್ನೆ ಕೇಳಬಹುದಾದ ಮನುಷ್ಯ ಎಂಬುದನ್ನು ಅಲ್ಲಿ ಕಲಿತವರು ಅದೆಷ್ಟೋ ಮಂದಿ.

ಮೇರಿಲ್ಯಾಂಡಿನ ಪಾಠ

ಹೊರದೇಶಗಳಲ್ಲಿ ಈ ಕೆಲಸವನ್ನು ಒಬ್ಬ ವ್ಯಕ್ತಿಯ ಒಳ್ಳೆಯತನಕ್ಕೆ ಬಿಡದೆ ಸಂಸ್ಥೆಯ ಜವಾಬ್ದಾರಿಯನ್ನಾಗಿ ಮಾಡಿದ ಪ್ರಯತ್ನಗಳಿವೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಆವರಣದ ಮೇಯರ್‌ಹಾಫ್ ವಿದ್ವಾಂಸರ ಕಾರ್ಯಕ್ರಮ. ರಾಬರ್ಟ್ ಮತ್ತು ಜೇನ್ ಮೇಯರ್‌ಹಾಫ್ ದಂಪತಿಯ ದೇಣಿಗೆ ಹಾಗೂ ಗಣಿತಜ್ಞ ಫ್ರೀಮನ್ ಹ್ರಬೋಸ್ಕಿ ಅವರ ಮುಂದಾಳತ್ವದಲ್ಲಿ 1988ರಲ್ಲಿ ರೂಪುಗೊಂಡ ಇದರ ಮೊದಲ ತಂಡದಲ್ಲಿದ್ದವರು 19 ಕಪ್ಪು ವರ್ಣೀಯ ಯುವಕರು.

ಅಲ್ಲಿ ಮಾಡಿದ್ದೇನು? ಪದವಿ ಆರಂಭವಾಗುವ ಮುನ್ನವೇ ಬೇಸಿಗೆಯಲ್ಲಿ ಒಟ್ಟಿಗೆ ಇರಿಸಿ ಗಣಿತ, ವಿಜ್ಞಾನದ ತಯಾರಿ; ಒಬ್ಬೊಬ್ಬರೇ ಓದುವ ಬದಲು ಗುಂಪಿನಲ್ಲಿ ಓದು; ಮೊದಲ ವರ್ಷದಿಂದಲೇ ಪ್ರಯೋಗಾಲಯದ ಅನುಭವ; ಹಣಕಾಸಿನ ನೆರವು; ಪೋಷಕರೊಂದಿಗೆ ನಿರಂತರ ಸಂಪರ್ಕ. ಯಾರೂ ಒಂಟಿಯಾಗಿ ಮುಳುಗಬಾರದು ಎಂಬುದೇ ಇದರ ತಿರುಳು. ಉತ್ತರ ಕೆರೊಲಿನಾ ಮತ್ತು ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯಗಳೂ ಈ ಮಾದರಿಯನ್ನು ಅಳವಡಿಸಿಕೊಂಡವು. ಮಾಡರ್ನಾ ಕೋವಿಡ್ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಕಿಜ್ಮೆಕಿಯಾ ಕಾರ್ಬೆಟ್ ಇದೇ ಕಾರ್ಯಕ್ರಮದಲ್ಲಿ ಓದಿದವರು ಎಂಬುದು ಗಮನಾರ್ಹ.

ನಮ್ಮಲ್ಲಿ ಇರುವ ಮೆಟ್ಟಿಲುಗಳು

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿದ್ದುಕೊಂಡೇ ಪದವಿ ವಿದ್ಯಾರ್ಥಿ ಏರಬಹುದಾದ ಮೆಟ್ಟಿಲುಗಳು ಹಲವಿವೆ. ಪ್ರಮುಖವಾದವು ಇಲ್ಲಿವೆ.

ಅಕಾಡೆಮಿಗಳ ಬೇಸಿಗೆ ಫೆಲೋಶಿಪ್: ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಅಲಹಾಬಾದಿನ ಅಕಾಡೆಮಿಗಳೊಂದಿಗೆ ಸೇರಿ ನಡೆಸಿಕೊಂಡು ಬಂದಿರುವ ಕಾರ್ಯಕ್ರಮ. ಆಯ್ಕೆಯಾದವರು ಬೇಸಿಗೆಯಲ್ಲಿ ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾರೆ. ಅರ್ಜಿಯ ಜೊತೆ ಸ್ವಂತ ಆಸಕ್ತಿಯ ಕುರಿತ ಚಿಕ್ಕ ಬರಹ, ಅಧ್ಯಾಪಕರ ಶಿಫಾರಸು ಬೇಕು. ವಿದ್ಯಾರ್ಥಿಗಳಷ್ಟೇ ಅಲ್ಲ, ಕಾಲೇಜು ಅಧ್ಯಾಪಕರೂ ಅರ್ಜಿ ಹಾಕಬಹುದೆಂಬುದು ಇದರ ವಿಶೇಷ.

ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ: 1989ರಲ್ಲಿ ಆರಂಭವಾದ, ಜಕ್ಕೂರಿನಲ್ಲಿರುವ ಈ ಕೇಂದ್ರ ಬೇಸಿಗೆ ಫೆಲೋಶಿಪ್ ಅಲ್ಲದೆ ಜೀವವಿಜ್ಞಾನ ಮತ್ತು ರಸಾಯನ ವಿಜ್ಞಾನದಲ್ಲಿ ಯೋಜನಾಧಾರಿತ ಶಿಕ್ಷಣ ಕಾರ್ಯಕ್ರಮಗಳನ್ನೂ ನಡೆಸಿಕೊಂಡು ಬಂದಿದೆ. ಬಿ.ಎಸ್ಸಿ. ವಿದ್ಯಾರ್ಥಿಗಳು ಒಂದಕ್ಕಿಂತ ಹೆಚ್ಚು ಬೇಸಿಗೆಗಳಲ್ಲಿ ಇಲ್ಲಿಗೆ ಮರಳಿ ಬರುತ್ತಾರೆ. ಒಂದೇ ಬೇಸಿಗೆಯ ಪರಿಚಯಕ್ಕೂ ಮತ್ತೆ ಮತ್ತೆ ಬರುವ ಸಂಬಂಧಕ್ಕೂ ಇರುವ ಅಂತರವನ್ನು ಈ ವ್ಯವಸ್ಥೆ ಅರಿತಿದೆ.

ಇನ್‌ಸ್ಪೈರ್ ವಿದ್ಯಾರ್ಥಿವೇತನ: ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2008ರಲ್ಲಿ ಪ್ರಕಟಿಸಿದ ಯೋಜನೆ. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಮೇಲಿನ ಶೇ. 1ರೊಳಗೆ ಬಂದು ಮೂಲ ವಿಜ್ಞಾನ ಆಯ್ದುಕೊಂಡವರಿಗೆ ವರ್ಷಕ್ಕೆ 80 ಸಾವಿರ ರೂಪಾಯಿ ಎಂದು ನಿಗದಿಯಾಯಿತು. ಅದರಲ್ಲಿ 60 ಸಾವಿರ ನೇರ ವಿದ್ಯಾರ್ಥಿವೇತನ. ಉಳಿದ 20 ಸಾವಿರ ಬೇಸಿಗೆಯಲ್ಲಿ ಮಾರ್ಗದರ್ಶಕರೊಬ್ಬರ ಬಳಿ ಮಾಡುವ ಯೋಜನೆಗೆ. ಜೀವರಸಾಯನ ಶಾಸ್ತ್ರ, ಸೂಕ್ಷ್ಮಜೀವಿ ಶಾಸ್ತ್ರ, ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ವಿಷಯಗಳಿಗೂ ಇದು ಅನ್ವಯ.

ವೈದ್ಯಕೀಯ ವಿದ್ಯಾರ್ಥಿಗಳಿಗೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಲ್ಲಿ ಆರಂಭಿಸಿದ ಅಲ್ಪಾವಧಿ ವಿದ್ಯಾರ್ಥಿ ಸಂಶೋಧನಾ ಯೋಜನೆಯಲ್ಲಿ ಎಂ.ಬಿ.ಬಿ.ಎಸ್., ಬಿ.ಡಿ.ಎಸ್. ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಸಂಶೋಧನೆ ಮಾಡಿ ವರದಿ ಸಲ್ಲಿಸುತ್ತಾರೆ.

ಪದವಿಯ ನಂತರ: ಜಾಮ್ ಪರೀಕ್ಷೆಯ ಮೂಲಕ ಐಐಟಿಗಳ ಎಂ.ಎಸ್ಸಿ.ಗೂ, ಬಿ.ಎಸ್ಸಿ. ಮುಗಿಸಿದವರು ನೇರವಾಗಿ ಸೇರಬಹುದಾದ ಭಾರತೀಯ ವಿಜ್ಞಾನ ಸಂಸ್ಥೆಯ ಜೀವವಿಜ್ಞಾನದ ಸಂಯೋಜಿತ ಪಿಎಚ್.ಡಿ.ಗೂ ದಾರಿಯಿದೆ. ಜೈವಿಕ ತಂತ್ರಜ್ಞಾನ ಇಲಾಖೆಯ ಬೆಂಬಲವಿರುವ ಎಂ.ಎಸ್ಸಿ. ಕೋರ್ಸುಗಳಿಗೆ ಗ್ಯಾಟ್-ಬಿ ಪರೀಕ್ಷೆಯಿದೆ. ಕೇಂದ್ರ ಸಂಸ್ಥೆಗಳ ಪ್ರವೇಶದಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5, ಇತರೆ ಹಿಂದುಳಿದ ವರ್ಗಗಳಿಗೆ ಶೇ. 27 ಮೀಸಲಾತಿಯಿದೆ.

ಒಂದು ಮೆಟ್ಟಿಲು ಈಗ ಇಲ್ಲವೆಂಬುದನ್ನೂ ಹೇಳಬೇಕು. 1999ರಲ್ಲಿ ಆರಂಭವಾಗಿ ಭಾರತೀಯ ವಿಜ್ಞಾನ ಸಂಸ್ಥೆ ನಿರ್ವಹಿಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯ ಪರೀಕ್ಷೆ 2022ರ ನಂತರ ನಡೆಯುತ್ತಿಲ್ಲ; ಆ ಯೋಜನೆಯನ್ನು ಇನ್‌ಸ್ಪೈರ್‌ನೊಳಗೆ ಸೇರಿಸಲಾಯಿತು. ಹಳೆಯ ಮಾರ್ಗದರ್ಶಿ ಪುಸ್ತಕಗಳನ್ನು ನಂಬಿ ಅದಕ್ಕೆ ತಯಾರಿ ನಡೆಸುವುದು ವ್ಯರ್ಥ. ಉಳಿದ ಯೋಜನೆಗಳ ನಿಯಮ, ಮೊತ್ತ, ದಿನಾಂಕಗಳೂ ಬದಲಾಗುತ್ತಿರುತ್ತವೆ. ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನು ನೋಡಿಯೇ ಅರ್ಜಿ ಹಾಕತಕ್ಕದ್ದು.

ಮೂರು ವರ್ಷವೋ, ನಾಲ್ಕು ವರ್ಷವೋ?

ಮಾರ್ಗದರ್ಶಕರು ಎಷ್ಟೇ ಒಳ್ಳೆಯವರಿದ್ದರೂ ನಿಯಮ ಅಡ್ಡಬಂದರೆ ವಿದ್ಯಾರ್ಥಿ ಸೋಲುತ್ತಾನೆ. ತಿರುವಾಂಕೂರಿನ ಅನ್ನಾ ಮಣಿ 1940ರಲ್ಲಿ ಬೆಂಗಳೂರಿಗೆ ಬಂದು ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರಗಳ ಬೆಳಕಿನ ಗುಣಗಳ ಮೇಲೆ ಐದು ವರ್ಷ ದುಡಿದು ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದರು. ಆದರೆ ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಮದ್ರಾಸು ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಮುಂದೆ ಅವರು ಹವಾಮಾನ ಉಪಕರಣಗಳ ಕ್ಷೇತ್ರದಲ್ಲಿ ದೊಡ್ಡ ಹೆಸರು ಮಾಡಿದರೆಂಬುದು ಬೇರೆ ಮಾತು.

ಈ ಹಿನ್ನೆಲೆಯಲ್ಲಿ ಕರ್ನಾಟಕದ ಇಂದಿನ ಸ್ಥಿತಿಯನ್ನು ಗಮನಿಸಬೇಕು. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂದಿತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಮೂರು ವರ್ಷದಲ್ಲಿ ಪದವಿ ಮುಗಿದರೆ ಬಡ ಕುಟುಂಬಕ್ಕೆ ಒಂದು ವರ್ಷದ ಖರ್ಚು ಉಳಿಯುತ್ತದೆ. ಅದು ಸಣ್ಣ ಮಾತಲ್ಲ. ಆದರೆ ಯುಜಿಸಿಯ 2022ರ ನಿಯಮಗಳ ಪ್ರಕಾರ ನಿಗದಿತ ಅಂಕದೊಂದಿಗೆ ನಾಲ್ಕು ವರ್ಷದ ಪದವಿ ಪಡೆದವರು ನೇರವಾಗಿ ಪಿಎಚ್.ಡಿ.ಗೆ ಅರ್ಹರು, ಮೂರು ವರ್ಷದವರು ಸ್ನಾತಕೋತ್ತರ ಪದವಿ ಅಥವಾ ಸಂಯೋಜಿತ ಪಿಎಚ್.ಡಿ.ಯ ದಾರಿ ಹಿಡಿಯಬೇಕು. ನಾಲ್ಕನೆಯ ವರ್ಷದಲ್ಲಿ ತಾನಾಗಿಯೇ ಸಿಗಬಹುದಾಗಿದ್ದ ಸಂಶೋಧನಾ ಅನುಭವವನ್ನು ಮೂರು ವರ್ಷದ ವಿದ್ಯಾರ್ಥಿ ಬೇಸಿಗೆ ರಜೆಗಳಲ್ಲೇ ಗಳಿಸಿಕೊಳ್ಳಬೇಕು. ಹೀಗಾಗಿ ಪದವಿಯ ಎರಡು ಬೇಸಿಗೆಗಳು ಈಗ ಮೊದಲಿಗಿಂತ ಅಮೂಲ್ಯವಾಗಿವೆ.

ವಿದ್ಯಾರ್ಥಿ ಏನು ಮಾಡಬೇಕು?

ಮೊದಲ ವರ್ಷದಲ್ಲಿ ನೋಡಿ, ಕೇಳಿ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ಸ್ನೇಹಿತರ ಗುಂಪಿನೊಂದಿಗೆ ಹೋಗಿ ಬನ್ನಿ. ಅಲ್ಲಿ ನಿಂತು ವಿವರಿಸುವ ಸಂಶೋಧನಾ ವಿದ್ಯಾರ್ಥಿಗಳೊಂದಿಗೆ ಕನ್ನಡದಲ್ಲೇ ಮಾತಿಗಿಳಿಯಲು ಹಿಂಜರಿಯಬೇಡಿ. ಕನ್ನಡ ಬಲ್ಲವರು ಸಿಕ್ಕೇ ಸಿಗುತ್ತಾರೆ. ನಿಮ್ಮ ಕಾಲೇಜಿನಲ್ಲಿ ಸಂಶೋಧನೆ ಮಾಡಿರುವ ಅಧ್ಯಾಪಕರು ಯಾರು ಎಂದು ತಿಳಿದುಕೊಳ್ಳಿ. ಕೆಂಗೇರಿ ಕಡೆಯ ಜ್ಞಾನಭಾರತಿ ಆವರಣದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ವಿಭಾಗಗಳಿವೆ. 2021ರಿಂದ ಮೆಟ್ರೋ ಅಲ್ಲಿಗೂ ಹೋಗುತ್ತದೆ.

ಎರಡನೆಯ ವರ್ಷದಲ್ಲಿ ಅರ್ಜಿ ಹಾಕಿ. ಬೇಸಿಗೆ ಫೆಲೋಶಿಪ್‌ಗಳ ಅರ್ಜಿ ಬೇಸಿಗೆಯಲ್ಲಿ ಅಲ್ಲ, ಅದರ ಹಿಂದಿನ ಚಳಿಗಾಲದ ಹೊತ್ತಿಗೇ ಬರುತ್ತದೆ. ಪರೀಕ್ಷೆ ಮುಗಿಯಲಿ ಎಂದು ಕಾದವರು ಅವಕಾಶ ಕಳೆದುಕೊಳ್ಳುತ್ತಾರೆ.

ವಿಜ್ಞಾನಿಗೆ ನೇರವಾಗಿ ಪತ್ರ ಬರೆಯುವುದಾದರೆ ಒಂದೇ ಪತ್ರವನ್ನು ಐವತ್ತು ಜನರಿಗೆ ಕಳುಹಿಸಬೇಡಿ. ಅವರ ಒಂದು ಸಂಶೋಧನೆಯನ್ನಾದರೂ ಓದಿ, ಅದರಲ್ಲಿ ಅರ್ಥವಾದದ್ದೇನು, ಅರ್ಥವಾಗದ್ದೇನು ಎಂದು ಎರಡು ವಾಕ್ಯದಲ್ಲಿ ಬರೆಯಿರಿ. ನೀವು ಓದುತ್ತಿರುವ ಕಾಲೇಜು, ವಿಷಯಗಳು, ಬಿಡುವಿರುವ ತಿಂಗಳುಗಳನ್ನು ಸ್ಪಷ್ಟವಾಗಿ ತಿಳಿಸಿ. ಉತ್ತರ ಬಾರದಿದ್ದರೆ ಎರಡು ವಾರದ ನಂತರ ವಿನಯದಿಂದ ಒಮ್ಮೆ ನೆನಪಿಸಿ. ಹತ್ತರಲ್ಲಿ ಒಂದಕ್ಕೆ ಉತ್ತರ ಬಂದರೂ ಅದು ಸೋಲಲ್ಲ.

ಹಣ, ಮನೆ, ಭಾಷೆ

ಅರ್ಹ ವಿದ್ಯಾರ್ಥಿಗಳು ಹಿಂದೆ ಸರಿಯುವುದು ಬಹುಪಾಲು ಈ ಮೂರು ಕಾರಣಗಳಿಂದ.

ಬೇಸಿಗೆ ರಜೆಯೆಂದರೆ ಅನೇಕ ಮನೆಗಳಲ್ಲಿ ದುಡಿಮೆಯ ಕಾಲ. ಅಂಗಡಿಯಲ್ಲೋ, ಗಾರ್ಮೆಂಟ್ಸ್‌ನಲ್ಲೋ ಎರಡು ತಿಂಗಳು ದುಡಿದರೆ ಮುಂದಿನ ವರ್ಷದ ಶುಲ್ಕಕ್ಕೆ ದಾರಿಯಾಗುತ್ತದೆ. ವೇತನವಿಲ್ಲದ ಪ್ರಯೋಗಾಲಯದ ಕೆಲಸವನ್ನು ಉಳ್ಳವರ ಮಕ್ಕಳು ಮಾತ್ರ ಮಾಡಬಲ್ಲರು. ಶಿಷ್ಯವೇತನ ಇದ್ದರೂ ಕೆಲಸ ಮುಗಿದ ಮೂರು ತಿಂಗಳಿಗೆ ಕೈಸೇರಿದರೆ ಪ್ರಯೋಜನವಿಲ್ಲ. ಮೊದಲ ವಾರದ ಊಟಕ್ಕೆ ಹಣ ಬೇಕು. ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯ ರಜೆಯಲ್ಲಿ ಮುಚ್ಚಿದರೆ ಹೊರಊರಿನ ವಿದ್ಯಾರ್ಥಿ ಎಲ್ಲಿ ಮಲಗಬೇಕು? ಫೆಲೋಶಿಪ್ ಕೊಡುವ ಸಂಸ್ಥೆಗಳು ಮೊದಲು ಉತ್ತರಿಸಬೇಕಾದ ಪ್ರಶ್ನೆಗಳಿವು. ಬಸ್ಸಿನ ಖರ್ಚಿನ ಮಟ್ಟಿಗೆ ಹೆಣ್ಣುಮಕ್ಕಳಿಗೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಅನುಕೂಲವಾಗಿದೆ.

ಮನೆಯವರ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಇನ್ನೂ ಐದಾರು ವರ್ಷ ಓದಿದರೆ ಸಂಸಾರ ನಡೆಯುವುದು ಹೇಗೆ ಎಂದು ತಂದೆ ಕೇಳಿದರೆ ಅದಕ್ಕೆ ಲೆಕ್ಕದಲ್ಲೇ ಉತ್ತರಿಸಬೇಕು. ಪಿಎಚ್.ಡಿ. ಮಾಡುವವರು ಶುಲ್ಕ ಕೊಟ್ಟು ಓದುವವರಷ್ಟೇ ಅಲ್ಲ, ವೇತನ ಪಡೆಯುವವರೂ ಹೌದು. ಸಿಎಸ್‌ಐಆರ್-ಯುಜಿಸಿ ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37 ಸಾವಿರ ರೂಪಾಯಿ, ಹಿರಿಯ ಫೆಲೋಶಿಪ್ 42 ಸಾವಿರ ರೂಪಾಯಿ ಎಂದು ಪರಿಷ್ಕೃತವಾಯಿತು. ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. ಪರಿಶಿಷ್ಟ ಜಾತಿ, ಪಂಗಡದವರಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಜೊತೆಗೆ, ಇದರ ಕೊನೆಗೆ ಖಚಿತ ನೌಕರಿ ಕಾದಿಲ್ಲ ಎಂಬ ಸತ್ಯವನ್ನೂ ಮಾರ್ಗದರ್ಶಕರು ಮುಚ್ಚಿಡಬಾರದು. ಅಧ್ಯಾಪನ, ಔಷಧ ಉದ್ಯಮ, ಕ್ಲಿನಿಕಲ್ ಸಂಶೋಧನೆ, ದತ್ತಾಂಶ ವಿಶ್ಲೇಷಣೆ ಹೀಗೆ ದಾರಿಗಳು ಹಲವಿದ್ದರೂ ಪ್ರತಿಯೊಂದರಲ್ಲೂ ಸ್ಪರ್ಧೆಯಿದೆ.

ಇನ್ನು ಭಾಷೆ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗೆ ದ್ಯುತಿಸಂಶ್ಲೇಷಣೆ ಗೊತ್ತು, ವರ್ಣತಂತು ಗೊತ್ತು. ಅವುಗಳ ಇಂಗ್ಲಿಷ್ ಉಚ್ಚಾರಣೆಗೆ ತಡಕಾಡುವುದನ್ನು ಕಂಡು ವಿಷಯವೇ ಗೊತ್ತಿಲ್ಲವೆಂದು ತೀರ್ಮಾನಿಸುವುದು ದೊಡ್ಡ ತಪ್ಪು. ವಾರದ ಸಭೆಯಲ್ಲಿ ಮೊದಲು ಕನ್ನಡದಲ್ಲಿ ಹೇಳಲು ಬಿಟ್ಟು, ಅನಂತರ ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಹೇಳಿದರೆ ಆರು ತಿಂಗಳಲ್ಲಿ ಬದಲಾವಣೆ ಕಾಣಬಹುದು. ಇಂಗ್ಲಿಷ್ ಕಲಿಯಲೇಬೇಕು, ಆದರೆ ಅದು ಬರುವವರೆಗೆ ವಿಜ್ಞಾನ ಕಾಯಬೇಕಾಗಿಲ್ಲ.

ಎಚ್ಚರವಿರಲಿ

ಬೇಡಿಕೆ ಇರುವಲ್ಲಿ ವ್ಯಾಪಾರವೂ ಹುಟ್ಟುತ್ತದೆ. ಶುಲ್ಕ ಪಡೆದು ವಾರದೊಳಗೆ 'ಸಂಶೋಧನಾ ತರಬೇತಿ' ಪ್ರಮಾಣಪತ್ರ ಕೈಗಿಡುವ, ಸಿದ್ಧಪಡಿಸಿದ ಪ್ರಾಜೆಕ್ಟ್ ವರದಿಯನ್ನು ಮಾರುವ, ಹಣ ಕೊಟ್ಟರೆ ಪ್ರಬಂಧ ಪ್ರಕಟಿಸಿಕೊಡುವೆವು ಎನ್ನುವ ಕೇಂದ್ರಗಳಿಂದ ದೂರವಿರಿ. ಮೇಲೆ ಹೇಳಿದ ಬೇಸಿಗೆ ಫೆಲೋಶಿಪ್‌ಗಳು ವಿದ್ಯಾರ್ಥಿಗೆ ಹಣ ಕೊಡುತ್ತವೆಯೇ ಹೊರತು ವಿದ್ಯಾರ್ಥಿಯಿಂದ ಪಡೆಯುವುದಿಲ್ಲ ಎಂಬುದೇ ಗುರುತು.

ಪ್ರಯೋಗಾಲಯದೊಳಗೂ ಎಚ್ಚರ ಬೇಕು. ಪಾತ್ರೆ ತೊಳೆಸುವುದಕ್ಕಷ್ಟೇ ವಿದ್ಯಾರ್ಥಿಯನ್ನು ಇಟ್ಟುಕೊಂಡರೆ ಅದು ಮಾರ್ಗದರ್ಶನವಲ್ಲ. ಕೆಲಸದ ವೇಳೆ, ಸುರಕ್ಷತೆಯ ತರಬೇತಿ, ವಾರಕ್ಕೊಮ್ಮೆ ಭೇಟಿ, ಮಾಡಿದ ಕೆಲಸಕ್ಕೆ ಹೆಸರು, ಇವು ಮೊದಲ ದಿನವೇ ಮಾತಾಗಬೇಕು. ಜಾತಿ, ಲಿಂಗ, ಊರು, ಉಚ್ಚಾರಣೆಯ ಕುರಿತ ಹಗುರ ಮಾತುಗಳನ್ನು ತಮಾಷೆಯೆಂದು ಸಹಿಸಿಕೊಳ್ಳಬೇಕಿಲ್ಲ. ದೂರು ಯಾರಿಗೆ ಕೊಡಬೇಕೆಂಬುದನ್ನು ಸಂಸ್ಥೆ ಮೊದಲೇ ತಿಳಿಸಿರಬೇಕು.

ಕಾಲೇಜೇ ಮೊದಲ ಮೆಟ್ಟಿಲು

ಎಲ್ಲ ವಿದ್ಯಾರ್ಥಿಗಳಿಗೂ ದೊಡ್ಡ ಸಂಸ್ಥೆಗಳಲ್ಲಿ ಸ್ಥಾನ ಸಿಗದು. ಆದ್ದರಿಂದ ಪದವಿ ಕಾಲೇಜುಗಳೇ ಮೊದಲ ಪ್ರಯೋಗಾಲಯಗಳಾಗಬೇಕು. ಜೈವಿಕ ತಂತ್ರಜ್ಞಾನ ಇಲಾಖೆ 2008ರಲ್ಲಿ ಆರಂಭಿಸಿದ ಸ್ಟಾರ್ ಕಾಲೇಜು ಯೋಜನೆ ಇದೇ ಉದ್ದೇಶದಿಂದ ಉಪಕರಣ, ರಾಸಾಯನಿಕ, ಅಧ್ಯಾಪಕರ ತರಬೇತಿಗೆ ನೆರವು ನೀಡುತ್ತ ಬಂದಿದೆ. ಚಿತ್ರದುರ್ಗ ಜಿಲ್ಲೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಪ್ರತಿಭಾ ಅಭಿವೃದ್ಧಿ ಕೇಂದ್ರ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ಕೊಡುತ್ತದೆ. ಅಧ್ಯಾಪಕರೊಬ್ಬರು ಪ್ರಯೋಗಾಲಯದ ರುಚಿ ಕಂಡರೆ ಅದು ಅವರ ನಿವೃತ್ತಿಯವರೆಗೂ ಸಾಲುಸಾಲು ವಿದ್ಯಾರ್ಥಿಗಳಿಗೆ ದಾಟುತ್ತದೆ.

ದೊಡ್ಡ ಅನುದಾನವಿಲ್ಲದೆಯೂ ಮಾಡಬಹುದಾದ ಕೆಲಸಗಳಿವೆ. ಅರ್ಜಿ ದಿನಾಂಕಗಳನ್ನು ವಿಭಾಗದ ಫಲಕದಲ್ಲಿ ಕನ್ನಡದಲ್ಲಿ ಹಾಕುವುದು. ಫೆಲೋಶಿಪ್ ಮುಗಿಸಿ ಬಂದ ಹಿರಿಯ ವಿದ್ಯಾರ್ಥಿಯಿಂದ ಕಿರಿಯರಿಗೆ ಮಾತನಾಡಿಸುವುದು. ಐದಾರು ಮಂದಿಯನ್ನು ಗುಂಪಾಗಿ ಸೇರಿಸಿ ಒಂದೇ ದಿನ ಕುಳಿತು ಅರ್ಜಿ ತುಂಬಿಸುವುದು. ತಿಂಗಳಿಗೊಂದು ಸಂಶೋಧನಾ ಪ್ರಬಂಧವನ್ನು ಒಟ್ಟಿಗೆ ಓದುವುದು. ಮೇರಿಲ್ಯಾಂಡಿನಲ್ಲಿ ಕೋಟಿಗಟ್ಟಲೆ ದೇಣಿಗೆಯಿಂದ ನಡೆದದ್ದರ ತಿರುಳೂ ಇದೇ: ಒಬ್ಬರೇ ಹೋಗುವ ಬದಲು ಗುಂಪಾಗಿ ಹೋಗುವುದು.

ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಸ್ನಾತಕೋತ್ತರ ವೈದ್ಯಕೀಯ ಶಾಲೆ ಮತ್ತು 800 ಹಾಸಿಗೆಗಳ ಆಸ್ಪತ್ರೆಯ ಯೋಜನೆಯನ್ನು ಪ್ರಕಟಿಸಿತು. ವೈದ್ಯಕೀಯ ಮತ್ತು ಸಂಶೋಧನೆ ಒಂದೇ ಸೂರಿನಡಿ ಬರುವ ಇಂಥ ಯೋಜನೆಗಳಿಂದ ನಗರದಲ್ಲಿ ಅವಕಾಶಗಳು ಹೆಚ್ಚುವುದು ನಿಶ್ಚಿತ. ಆದರೆ ಅವಕಾಶ ಹೆಚ್ಚಿದ ಮಾತ್ರಕ್ಕೆ ಅದು ಮಾಗಡಿ ರಸ್ತೆಯ ಈಚೆಗೆ ತಾನಾಗಿಯೇ ಹರಿದು ಬರುವುದಿಲ್ಲ.

1933ರಲ್ಲಿ ಬಾಗಿಲಲ್ಲಿ ನಿಂತಿದ್ದ ಯುವತಿಗೆ ಬೇಡವೆನ್ನುವವರು ಎದುರಿಗೇ ಇದ್ದರು, ಅವರೊಡನೆ ವಾದಿಸಬಹುದಿತ್ತು. ಇಂದಿನ ವಿದ್ಯಾರ್ಥಿಗೆ ಬೇಡವೆನ್ನುವವರು ಯಾರೂ ಇಲ್ಲ. ಬಾ ಎನ್ನುವವರೂ ಇಲ್ಲ. ಹಂಪಿನಗರದ ಗ್ರಂಥಾಲಯದಲ್ಲಿ ಜೀವಶಾಸ್ತ್ರದ ಪುಸ್ತಕ ಮುಚ್ಚಿಟ್ಟು ಸಾಮಾನ್ಯ ಜ್ಞಾನದ ಪುಸ್ತಕ ತೆರೆಯುವ ಮುನ್ನ ಅವಳನ್ನು ಒಮ್ಮೆ ಹೆಸರು ಹಿಡಿದು ಕರೆಯಬೇಕಾಗಿದೆ. ಅಧ್ಯಾಪಕರು, ವಿಜ್ಞಾನಿಗಳು, ಈಗಾಗಲೇ ಆ ಬಾಗಿಲು ದಾಟಿದ ನಮ್ಮೂರಿನ ಹಿರಿಯ ವಿದ್ಯಾರ್ಥಿಗಳು ವರ್ಷಕ್ಕೆ ಒಬ್ಬರನ್ನಾದರೂ ಹಾಗೆ ಕರೆದರೆ ಸಾಕು.